ಸೊಪ್ಪು ಬಿಡಿಸೋರು ಯಾರು?

"ಹಣ್ಣು ತರಕಾರಿ ತಿನ್ನೋದು ಶಿಸ್ತಿನ ವಿಷಯ. ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ತಿನ್ನಬಹುದು."

ನಮ್ಮ ಆಫೀಸಿನಲ್ಲಿ ಮೂವತ್ತು ದಿನದ ಆರೋಗ್ಯ ಚಾಲೆಂಜ್ ಒಂದು ನಡೀತು. ದಿನಾ ಮಧ್ಯಾಹ್ನದ ತಟ್ಟೆಯ ಫೋಟೊ ತೆಗೆದು ಆ್ಯಪಿಗೆ ಹಾಕಬೇಕು, ತಟ್ಟೆಯಲ್ಲಿ ಎಷ್ಟು ಬಣ್ಣ ಇದೆಯೋ ಅಷ್ಟು ಪಾಯಿಂಟು. ಗೆದ್ದವರಿಗೆ ಒಂದು ಸ್ಮಾರ್ಟ್ ವಾಚು. ಗೆದ್ದ ಹುಡುಗ ವಾಚು ಕಟ್ಟಿಕೊಂಡು ಹೇಳಿದ ಮಾತು ಮೇಲಿನದು. ಒಳ್ಳೆಯವನು, ಒಳ್ಳೆ ಕೋಡ್ ಬರೀತಾನೆ, ನನಗೆ ಸ್ನೇಹಿತ. ಆದರೆ ಆ ಎರಡನೇ ವಾಕ್ಯ ನನ್ನ ತಲೆಯಲ್ಲಿ ವಾರಗಟ್ಟಲೆ ಕೂತಿತ್ತು. ಯಾರು ಬೇಕಾದ್ರೂ?

ಹೆಚ್ಚು ತಿನ್ನಬೇಕು ಅನ್ನೋದರ ಬಗ್ಗೆ ನನ್ನ ತಕರಾರಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಅನ್ನುತ್ತೆ. ಹೈದರಾಬಾದಿನ ನಮ್ಮದೇ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ: ಸೊಪ್ಪೂ ಸೇರಿ 400 ಗ್ರಾಂ ತರಕಾರಿ, ಅದರ ಜೊತೆ 100 ಗ್ರಾಂ ಹಣ್ಣು. ಅಂದ್ರೆ ಅರ್ಧ ಕೆಜಿ. ಒಂದು ಸಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ನಾವು "ತರಕಾರಿ ಚೆನ್ನಾಗಿ ತಿಂತೀವಿ" ಅನ್ನೋರ ಬಣ್ಣ ಬಯಲಾಗುತ್ತೆ. ಸಾಂಬಾರಿನಲ್ಲಿ ತೇಲುವ ನಾಲ್ಕು ನುಗ್ಗೆಕಾಯಿ ತುಂಡು, ಉಪ್ಪಿಟ್ಟಿನಲ್ಲಿ ಹುಡುಕಿದರೆ ಸಿಗುವ ಕ್ಯಾರೆಟ್ಟು, ಇವೆಲ್ಲ ಸೇರಿದ್ರೂ ನೂರು ಗ್ರಾಂ ದಾಟೋದು ಕಷ್ಟ. ಮೇಲಾಗಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಲೂಗಡ್ಡೆಗೆ ಜಾಗ ಇಲ್ಲ. ಮಸಾಲೆದೋಸೆಯೊಳಗಿನ ಪಲ್ಯವೂ ತರಕಾರಿಯೇ ಅಂತ ವಾದಿಸುವ ಗೆಳೆಯರು ನನಗಿದ್ದಾರೆ, ಅವರಿಗೆ ಸಮಾಧಾನ ಹೇಳಬೇಕು.

ಇದೆಲ್ಲ ಸುಮ್ಮನೆ ಹೇಳೋ ಮಾತೂ ಅಲ್ಲ. 1997ರಲ್ಲಿ ಅಮೆರಿಕದಲ್ಲಿ 'ಡ್ಯಾಶ್' ಅನ್ನೋ ಹೆಸರಿನ ಪ್ರಯೋಗದ ಫಲಿತಾಂಶ ಪ್ರಕಟವಾಯ್ತು. ಜನರಿಗೆ ಎಂಟು ವಾರ ಅಳೆದು ಊಟ ಕೊಟ್ಟರು. ಎಲ್ಲರಿಗೂ ಒಂದೇ ಪ್ರಮಾಣದ ಉಪ್ಪು, ಯಾರ ತೂಕವೂ ಇಳಿಯದ ಹಾಗೆ ನೋಡಿಕೊಂಡರು. ಹಣ್ಣು-ತರಕಾರಿ ಹೆಚ್ಚಿಸಿದವರಲ್ಲಿ ರಕ್ತದೊತ್ತಡ ಇಳೀತು. ಜೊತೆಗೆ ಕೊಬ್ಬು ಕಡಿಮೆಯ ಹಾಲು-ಮೊಸರನ್ನೂ ಸೇರಿಸಿದ ಗುಂಪಿನಲ್ಲಿ, ಮೊದಲೇ ಬಿಪಿ ಇದ್ದವರಿಗೆ ಮೇಲಿನ ಅಂಕಿ ಸುಮಾರು 11ರಷ್ಟು ಇಳೀತು. ಒಂದು ಮಾತ್ರೆ ಮಾಡುವಷ್ಟು ಕೆಲಸ. ಹೃದಯ, ಮೆದುಳಿನ ಪಾರ್ಶ್ವವಾಯು ಇವುಗಳ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಕ್ಯಾನ್ಸರ್ ವಿಷಯದಲ್ಲಿ ಹಿಂದೆ ಹೇಳುತ್ತಿದ್ದಷ್ಟು ಇಲ್ಲ. ಯುರೋಪಿನ ಹತ್ತು ದೇಶಗಳ ಸುಮಾರು 5 ಲಕ್ಷ ಜನರನ್ನು ಗಮನಿಸಿದ ಅಧ್ಯಯನ 2010ರಲ್ಲಿ ಹೇಳಿದ್ದು, ಉಪಯೋಗ ಇದೆ, ಆದರೆ ಚಿಕ್ಕದು ಅಂತ. ವಾಟ್ಸಾಪಿನಲ್ಲಿ "ಈ ಹಣ್ಣು ತಿಂದರೆ ಕ್ಯಾನ್ಸರ್ ಮಾಯ" ಅಂತ ಕಳಿಸೋ ದೊಡ್ಡಪ್ಪಂದಿರಿಗೆ ಇದನ್ನ ಹೇಳೋ ಧೈರ್ಯ ಮಾತ್ರ ನನಗಿಲ್ಲ.

ಇಲ್ಲಿ ಇನ್ನೊಂದು ಕಥೆ ಹೇಳಲೇಬೇಕು. ತರಕಾರಿಯಲ್ಲಿರೋ ಒಳ್ಳೇ ಅಂಶವನ್ನೇ ತೆಗೆದು ಮಾತ್ರೆ ಮಾಡಿ ನುಂಗಿದರೆ ಆಗಲ್ವಾ? ಇಂಜಿನಿಯರ್ ತಲೆಗೆ ಮೊದಲು ಬರೋದೇ ಇದು. ಫಿನ್ಲೆಂಡಿನವರು ಮಾಡಿ ನೋಡಿದರು. ಬೀಡಿ ಸಿಗರೇಟು ಸೇದುವ ಸುಮಾರು 29,000 ಗಂಡಸರಲ್ಲಿ ಕೆಲವರಿಗೆ ಕ್ಯಾರೆಟ್ಟಿನ ಬಣ್ಣದ ಬೀಟಾ ಕೆರೋಟಿನ್ ಮಾತ್ರೆಯನ್ನು ವರ್ಷಗಟ್ಟಲೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಆ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗೋದಿರಲಿ, ಶೇ 18ರಷ್ಟು ಹೆಚ್ಚಾಗಿತ್ತು. ಕ್ಯಾರೆಟ್ಟಿನ ಕೆಲಸವನ್ನು ಕ್ಯಾರೆಟ್ಟೇ ಮಾಡಬೇಕು, ಅದರೊಳಗಿನ ಒಂದು ವಸ್ತುವಿಗೆ ಅದು ಬರಲ್ಲ.

ಹಾಗಾದ್ರೆ ತರಕಾರಿಯನ್ನ ತರಕಾರಿಯಾಗಿಯೇ ತಿನ್ನಬೇಕು. ತರಬೇಕು, ತೊಳೀಬೇಕು, ಹೆಚ್ಚಬೇಕು, ಬೇಯಿಸಬೇಕು. ನನ್ನ ಪ್ರಶ್ನೆ ಶುರುವಾಗೋದು ಇಲ್ಲಿಂದ.

ಸೊಪ್ಪಿನ ಕಟ್ಟು ಮನೆಗೆ ಬಂದಮೇಲೆ ಏನಾಗುತ್ತೆ ಅಂತ ಯಾವತ್ತಾದ್ರೂ ಗಡಿಯಾರ ಹಿಡಿದು ನೋಡಿದ್ದೀರಾ? ನಾನು ನೋಡಿದೀನಿ. ದಾರ ಬಿಚ್ಚಿ ಹರಡಬೇಕು. ಹಳದಿ ಎಲೆ, ಹುಳು ತಿಂದದ್ದು, ನಡುವೆ ಸಿಕ್ಕಿಕೊಂಡ ಹುಲ್ಲು ತೆಗೀಬೇಕು. ದಂಟು ಎಳೆಯದಾದ್ರೆ ಇಟ್ಟುಕೊಳ್ಳಬೇಕು, ಬಲಿತಿದ್ರೆ ನಾರು ಎಳೀಬೇಕು. ಮೆಂತ್ಯವಾದರೆ ಒಂದೊಂದೇ ಎಲೆ ಚಿವುಟಬೇಕು. ಆಮೇಲೆ ಮಣ್ಣು. ಮೂರು ನೀರು ಬದಲಾಯಿಸದೆ ಮಣ್ಣು ಬಿಡಲ್ಲ. ನಾಲ್ಕು ಜನಕ್ಕೆ ಬಸ್ಸಾರಿಗೆ ಬೇಕಾಗುವಷ್ಟು ಸೊಪ್ಪು ಬಿಡಿಸಿ ಒಲೆಗೆ ಇಡೋ ಹೊತ್ತಿಗೆ ನನಗೆ ನಲವತ್ತೈದು ನಿಮಿಷ ಹಿಡೀತು. ಅಮ್ಮನಿಗೆ ಇಪ್ಪತ್ತೈದು. ಇನ್ನು ಚಳಿಗಾಲದ ಅವರೆಕಾಯಿ, ಅದನ್ನ ಸುಲಿದು, ನೆನೆಸಿ, ಒಂದೊಂದೇ ಕಾಳನ್ನ ಹಿತಕಿ ಬೇಳೆ ತೆಗೆಯೋದನ್ನ ಲೆಕ್ಕಕ್ಕೆ ತಗೊಂಡ್ರೆ ನಮ್ಮ ಆಫೀಸಿನ ಒಂದು ಸ್ಪ್ರಿಂಟ್ ಪ್ಲಾನಿಂಗ್ ಮೀಟಿಂಗ್ ಮುಗಿಯುತ್ತೆ.

ಬಸ್ಸಾರಿನ ಬಗ್ಗೆ ಒಂದು ಮಾತು, ಗೊತ್ತಿಲ್ಲದವರಿಗೆ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪು ಬೇಯಿಸಿದಾಗ ಫೋಲೇಟ್, ಸಿ ಜೀವಸತ್ವ, ಪೊಟ್ಯಾಸಿಯಂ ಇವೆಲ್ಲ ನೀರಿಗೆ ಇಳಿಯುತ್ತವೆ. ಸಿ ಜೀವಸತ್ವದಲ್ಲಿ ಒಂದಷ್ಟು ಬೆಂಕಿಗೇ ಹೋಗುತ್ತೆ, ಮಿಕ್ಕಿದ್ದು ನೀರನ್ನ ಚೆಲ್ಲಿದರೆ ಹೋಯ್ತು. ಬಸ್ಸಾರಿನಲ್ಲಿ ನೀರೂ ತಟ್ಟೆಗೇ ಬರುತ್ತೆ. ಇದನ್ನ ನಮ್ಮ ಪೂರ್ವಜರ ವಿಜ್ಞಾನ ಅಂತ ಎದೆ ತಟ್ಟಿಕೊಳ್ಳೋಕೆ ನನಗೆ ಇಷ್ಟ ಇಲ್ಲ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ಆಗುತ್ತೆ, ಮುದ್ದೆಗೆ ಚೆನ್ನಾಗಿರುತ್ತೆ. ಅವರಿಗೆ ಅಷ್ಟು ಕಾರಣ ಸಾಕಾಗಿತ್ತು.

ನಮ್ಮ ಬೆಂಗಳೂರಿನ ಮನೆಯಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗೋರು, ಅಡುಗೆಗೆ ಒಬ್ಬರು ಅಕ್ಕ ಬರ್ತಾರೆ. ಬೆಳಿಗ್ಗೆ ಎರಡು ಮನೆ, ಸಂಜೆ ಎರಡು ಮನೆ. ನಾವು ವಾರಕ್ಕೆ ನಾಲ್ಕು ದಿನ ಸೊಪ್ಪು ಅಂತ ತೀರ್ಮಾನ ಮಾಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಪ್ಪಿದ್ದ ದಿವ್ಸ ಮುಂದಿನ ಮನೆಗೆ ಲೇಟಾಗುತ್ತೆ ಸಾರ್. ಅಲ್ಲಿ ಮೇಡಮ್ಮು ಮುಖ ನೋಡ್ತಾರೆ. ಬೀನ್ಸು ಕೋಸು ಆದ್ರೆ ಬೇಗ ಆಗುತ್ತೆ" ಅಂದರು. ನಿಮ್ಮ ಮನೇಲಿ ಏನಕ್ಕ ಅಡುಗೆ ಅಂತ ನನ್ನ ಹೆಂಡತಿ ಕೇಳಿದಳು. "ಮನೆ ಸೇರೋದೇ ಎಂಟೂವರೆ. ಅನ್ನ, ತಿಳಿಸಾರು. ನಾಕು ಮನೆಗೆ ಹೆಚ್ಚಿ ಹೋದ್ಮೇಲೆ ಮತ್ತೆ ಈಳಿಗೆ ಮುಂದೆ ಕೂರೋಕೆ ಆಗಲ್ಲಮ್ಮ."

ವಾಚು ಗೆದ್ದ ಗೆಳೆಯನ ಡಬ್ಬಿಯನ್ನ ತುಂಬುತ್ತಿದ್ದದ್ದು ಅವನ ಅಮ್ಮ, ಬೆಳಿಗ್ಗೆ ಐದೂವರೆಗೆ ಎದ್ದು. ಅದನ್ನ ಅವನೇ ಖುಷಿಯಿಂದ ಹೇಳ್ತಾನೆ, ಮುಚ್ಚಿಟ್ಟಿಲ್ಲ. ಆದ್ರೆ ಪಾಯಿಂಟು ಬಂದದ್ದು ಅವನ ಹೆಸರಿಗೆ, ಶಿಸ್ತು ಅನ್ನೋ ಪದ ಬಂದದ್ದೂ ಅವನ ಬಾಯಲ್ಲಿ. ನಾವು ಬರೆಯೋ ಸಾಫ್ಟ್‌ವೇರಿನಲ್ಲಿ ಡಿಪೆಂಡೆನ್ಸಿ ಪಟ್ಟಿ ಅಂತ ಒಂದು ಇರುತ್ತೆ. ನನ್ನ ಹತ್ತು ಸಾಲಿನ ಪ್ರೋಗ್ರಾಮ್ ಓಡಬೇಕಾದ್ರೆ ಬೇರೆ ಯಾರ್ಯಾರು ಬರೆದ ಎಷ್ಟು ಸಾವಿರ ಸಾಲು ಬೇಕು ಅಂತ ಅದರಲ್ಲಿ ಬರೆದಿರುತ್ತೆ, ಬರೀದೇ ಇದ್ದರೆ ಪ್ರೋಗ್ರಾಮೇ ಓಡಲ್ಲ. ತಟ್ಟೆಗೆ ಆ ಕಡ್ಡಾಯ ಇಲ್ಲ.

ಊರಿನಲ್ಲಿ ಏನಾದ್ರೂ ಬೇರೆ ಇತ್ತಾ? ಹಳ್ಳಿಯವರು ತಾಜಾ ತಿಂತಾರೆ, ಗಟ್ಟಿ ಇರ್ತಾರೆ ಅನ್ನೋ ಮಾತು ನಗರದಲ್ಲಿ ಪದೇ ಪದೇ ಕೇಳ್ತೀನಿ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ನಾನು ಹುಡುಗನಾಗಿದ್ದಾಗ ಹಣ್ಣಿನಲ್ಲಿ ಎರಡು ಜಾತಿ: ದುಡ್ಡು ಕೊಟ್ಟು ತರೋದು, ಪುಕ್ಕಟೆ ಸಿಗೋದು. ದುಡ್ಡಿನ ಹಣ್ಣು ಮನೆಗೆ ಬರಬೇಕಾದ್ರೆ ಒಂದೋ ಪೂಜೆ ಇರಬೇಕು, ಇಲ್ಲಾ ಯಾರಾದ್ರೂ ಆಸ್ಪತ್ರೆ ಸೇರಿರಬೇಕು. ಸೇಬು ನೋಡಿದ್ರೆ ನನಗೆ ಇವತ್ತಿಗೂ ಫಿನಾಯಿಲ್ ವಾಸನೆ ನೆನಪಾಗುತ್ತೆ. ಪುಕ್ಕಟೆಯವು ನೇರಳೆ, ಎಲಚಿ, ಕಾರೆ, ಬೇಲಿ ಸಾಲಿನ ಸೀತಾಫಲ. ಅವನ್ನ ಯಾರೂ "ತಿನ್ನು, ಒಳ್ಳೇದು" ಅನ್ನಲಿಲ್ಲ, ತಿಂದಿದ್ದಕ್ಕೆ ಬೈದರು. ಈಗ ಅದೇ ನೇರಳೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಬಾಗಿಲಿಗೆ ಬರುತ್ತೆ.

ತರಕಾರಿಗಿಂತ ನಮ್ಮ ಬಲ ಇದ್ದದ್ದು ಬೆರಕೆ ಸೊಪ್ಪಿನಲ್ಲಿ. ಯಾರೂ ಬಿತ್ತದ ಸೊಪ್ಪು ಅದು. ಮಳೆ ಬಿದ್ದು ರಾಗಿ ಹೊಲದಲ್ಲಿ ಕಳೆ ಎದ್ದಾಗ, ಕಳೆ ಕೀಳೋಕೆ ಹೋದ ಹೆಂಗಸರು ಮಡಿಲು ತುಂಬ ತರ್ತಿದ್ರು: ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ, ಕೀರೆ. ಹತ್ತಾರು ಬಗೆ ಒಂದೇ ಪಾತ್ರೆಯಲ್ಲಿ. ಯಾವುದು ತಿನ್ನೋದು ಯಾವುದು ಬಿಡೋದು ಅನ್ನೋ ಲೆಕ್ಕ ಪೂರಾ ಅವರ ಕೈಯಲ್ಲಿತ್ತು. ಬಡವರ ಮನೆಗೂ ಗೌಡರ ಮನೆಗೂ ಅದು ಒಂದೇ ಬೆಲೆ, ಸೊನ್ನೆ.

ಆಮೇಲೆ ಟೊಮ್ಯಾಟೊ ಬಂತು. ಹನಿ ನೀರಾವರಿ ಬಂತು, ಸಾಲಿನ ಮೇಲೆ ಹೊದಿಸೋ ಮಲ್ಚಿಂಗ್ ಶೀಟು ಬಂತು, ಕಳೆನಾಶಕ ಬಂತು. ಶೀಟು ಹಾಕಿದ ಮೇಲೆ ಕಳೆ ಏಳಲ್ಲ. ನೀರು ಉಳಿಯುತ್ತೆ, ಕೂಲಿ ಉಳಿಯುತ್ತೆ, ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ಕಳೆ ಹೋದಾಗ ಬೆರಕೆ ಸೊಪ್ಪೂ ಹೋಯ್ತು. ಇದನ್ನ ದುಃಖದ ಕಥೆ ಮಾಡಿ ಹೇಳೋ ಅಧಿಕಾರ ನನಗಿಲ್ಲ, ಯಾಕಂದ್ರೆ ನನ್ನ ಬಿ.ಇ. ಫೀಸು ಬಂದದ್ದು ಟೊಮ್ಯಾಟೊ ಬಾಕ್ಸಿನಿಂದ. ಅಪ್ಪ ಒಳ್ಳೆ ಹಣ್ಣು ಆರಿಸಿ ಹದಿನೈದು ಕೆಜಿ ಬಾಕ್ಸಿಗೆ ತುಂಬಿ ಕೋಲಾರದ ಮಂಡಿಗೆ ಕಳಿಸಿದ್ರೆ, ಒಡೆದದ್ದು, ಸೊಟ್ಟಗಿರೋದು, ಹುಳು ಕಚ್ಚಿದ್ದು ನಮ್ಮ ಸಾರಿಗೆ. ಬೀನ್ಸ್ ಬೆಳೆದ ವರ್ಷ ಬಲಿತ ಬೀನ್ಸ್ ನಮಗೆ. ಬೆಳೆಯೋನ ಮನೆಯಲ್ಲಿ ತರಕಾರಿ ಇರುತ್ತೆ, ಆ ಕಾಲಕ್ಕೆ ಯಾವ ಬೆಳೆಯೋ ಅದೊಂದೇ ಇರುತ್ತೆ, ಅದರಲ್ಲೂ ಮಾರಿ ಉಳಿದದ್ದು.

(ನಡುವೆ ಒಂದು ಮಾತು. 2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಹರೀತಿದೆ, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿದ್ದು. ನಮ್ಮ ಬಚ್ಚಲಿನ ನೀರು ಕೆರೆ ಸೇರಿ, ಅಲ್ಲಿಂದ ಬೋರ್‌ವೆಲ್ ಸೇರಿ, ತರಕಾರಿಯಾಗಿ ನಮ್ಮ ಫ್ರಿಜ್ಜಿಗೆ ವಾಪಸ್ ಬರ್ತಿರಬಹುದು. ಸಾಲ ತೀರಿಸೋ ವಿಧಾನಗಳಲ್ಲಿ ಇದೂ ಒಂದು.)

ದುಡ್ಡಿನ ಲೆಕ್ಕಕ್ಕೆ ಬರೋಣ. ಪೋಷಣಾ ಸಂಸ್ಥೆ ಹೇಳೋ ಅರ್ಧ ಕೆಜಿಯಂತೆ ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಕೆಜಿ, ತಿಂಗಳಿಗೆ ಅರವತ್ತು. ಹಣ್ಣೂ ತರಕಾರಿಯೂ ಸೇರಿ ಕೆಜಿಗೆ ಸರಾಸರಿ ಐವತ್ತು ರೂಪಾಯಿ ಅಂತ ಕಡಿಮೆಯಲ್ಲೇ ಹಿಡಿದ್ರೂ 3,000 ರೂಪಾಯಿ. ನಮ್ಮನೆ ಅಡುಗೆ ಅಕ್ಕನಿಗೆ ನಾವು ಕೊಡೋದು ತಿಂಗಳಿಗೆ 4,000. ಒಂದು ಮನೆಯ ದುಡಿಮೆಯಲ್ಲಿ ಮುಕ್ಕಾಲು ಭಾಗ ಅಲ್ಲೇ ಹೋಯ್ತು, ಅಕ್ಕಿ ಬೇಳೆ ಎಣ್ಣೆ ಬಾಡಿಗೆ ಆಮೇಲೆ. ಇದು ಒಬ್ಬರ ಕಥೆ ಮಾತ್ರ ಅಲ್ಲ. 18 ದೇಶಗಳಲ್ಲಿ ನಡೆದ 'ಪ್ಯೂರ್' ಅಧ್ಯಯನದವರು 2016ರಲ್ಲಿ ಇದನ್ನೇ ಲೆಕ್ಕ ಹಾಕಿದ್ರು. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ಕೊಳ್ಳೋಕೆ ಶ್ರೀಮಂತ ದೇಶಗಳಲ್ಲಿ ಮನೆಯ ಆದಾಯದ ಶೇ 2ರಷ್ಟು ಸಾಕು. ಬಡ ದೇಶಗಳಲ್ಲಿ ಸುಮಾರು ಅರ್ಧ ಆದಾಯ ಬೇಕು. ಆ ಬಡ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ನೀತಿಶಾಸ್ತ್ರದಲ್ಲಿ ಒಂದು ಹಳೇ ವಿಚಾರ ಇದೆ, ಸಾಮಾನ್ಯವಾಗಿ ಜರ್ಮನಿಯ ಕಾಂಟ್ ಹೆಸರಿನ ಜೊತೆ ಬರುತ್ತೆ. ಒಬ್ಬರಿಗೆ "ನೀನು ಇದನ್ನ ಮಾಡಲೇಬೇಕು" ಅಂತ ಹೇಳೋಕೆ ಮುಂಚೆ, ಅವರಿಗೆ ಅದನ್ನ ಮಾಡೋಕೆ ಆಗಬೇಕು. ಆಗದ್ದನ್ನ ಕರ್ತವ್ಯ ಅಂತ ಹೇರೋಕೆ ಬರಲ್ಲ. "ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ" ಅನ್ನೋ ಮಾತು ನನಗೆ ಚುಚ್ಚಿದ್ದು ಇದಕ್ಕೇ. ಕೇಳೋಕೆ ಅದು ಹುರಿದುಂಬಿಸೋ ಮಾತು. ಆದ್ರೆ ಅದರ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡೇ ಬರುತ್ತೆ: ತಿನ್ನದೇ ಇರೋರು ಮನಸ್ಸು ಮಾಡಿಲ್ಲ, ಕಾಯಿಲೆ ಬಂದ್ರೆ ಅವರದೇ ತಪ್ಪು.

ಹಾಗಾದ್ರೆ ತರಕಾರಿ ಅಗ್ಗ ಆಗಲಿ ಅಂತೀರಾ? ನಾನು ಸಿಕ್ಕಿಬೀಳೋದೇ ಇಲ್ಲಿ. 2023ರ ಜುಲೈ ನೆನಪಿದೆಯಾ? ಕೋಲಾರದಲ್ಲಿ ಹದಿನೈದು ಕೆಜಿ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಟೊಮ್ಯಾಟೊ ಇಲ್ಲದ ಸಾರು ಮಾಡೋದು ಹೇಗೆ ಅನ್ನೋ ವಿಡಿಯೋಗಳು, ಸರ್ಕಾರಕ್ಕೆ ಬೈಗುಳ. ಅದೇ ವಾರ ಊರಿಂದ ಅಣ್ಣ ಫೋನ್ ಮಾಡಿ, ಅರ್ಧ ಎಕರೆಯಲ್ಲಿ ಉಳಿದಿದ್ದ ಹಣ್ಣಿಗೇ ಹಳೇ ಸಾಲ ತೀರಿತು ಅಂದ. ಅವನ ದನಿಯಲ್ಲಿ ಅಂಥ ಖುಷಿ ನಾನು ಅವನ ಮದುವೆಯಲ್ಲೂ ಕೇಳಿರಲಿಲ್ಲ. ಆಗ ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಿಂದ ಟೊಮ್ಯಾಟೊ ಕೊಳ್ಳಿಸಿ ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಗೆ ಮಾರಿಸಿತು. ಸರಿ, ತಿನ್ನೋರಿಗೆ ಕಷ್ಟ ಆಗಬಾರದು. ಆದರೆ ಬಾಕ್ಸಿಗೆ ಐವತ್ತು ರೂಪಾಯಿ ಕೂಡ ಹುಟ್ಟದೆ, ಕೀಳೋ ಕೂಲಿಯೂ ಬರಲ್ಲ ಅಂತ ರೈತರು ರಸ್ತೆ ಬದಿಗೆ ಸುರಿಯೋ ವರ್ಷಗಳಲ್ಲಿ ಈ ಚುರುಕು ಕಾಣಲ್ಲ. ಟೊಮ್ಯಾಟೊಗೆ ಭತ್ತ, ರಾಗಿಯ ಹಾಗೆ ಬೆಂಬಲ ಬೆಲೆ ಇಲ್ಲ.

ತಿನ್ನೋರ ಆರೋಗ್ಯಕ್ಕೆ ಅಗ್ಗ ಬೇಕು, ಬೆಳೆಯೋರ ಬದುಕಿಗೆ ಬೆಲೆ ಬೇಕು. ಎರಡೂ ನ್ಯಾಯವಾದ ಬೇಡಿಕೆಯೇ. ನಡುವೆ ಯಾರಾದ್ರೂ ದುಡ್ಡು ಹಾಕಬೇಕು. ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ನಮ್ಮ ರಾಜ್ಯ ಬಾಳೆಹಣ್ಣು ಕೊಡುತ್ತಲ್ಲ, ಆ ಥರದ್ದು. ಅದು ತೆರಿಗೆಯ ದುಡ್ಡು, ಅದರಲ್ಲಿ ನನ್ನ ಸಂಬಳದ ಒಂದು ಚೂರೂ ಇದೆ, ನನಗೆ ಅದರ ಬಗ್ಗೆ ಬೇಸರವಿಲ್ಲ. ಪಡಿತರದಲ್ಲಿ ಅಕ್ಕಿ ಬರುತ್ತೆ, ಅದು ಹೊಟ್ಟೆ ತುಂಬಿಸುತ್ತೆ. ತಟ್ಟೆಯ ಇನ್ನರ್ಧ ಇನ್ನೂ ಅವರವರ ಪಾಡು.

ಇಷ್ಟು ಹೇಳಿದ್ಮೇಲೆ ಗೆಳೆಯ ಕೇಳಿದ, "ಅಂದ್ರೆ ನಾನು ತರಕಾರಿ ತಿನ್ನೋದು ಬಿಟ್ಟು ಬಜ್ಜಿ ತಿನ್ಲಾ? ನೀನು ಎಲ್ಲದಕ್ಕೂ ರಾಜಕೀಯ ತರ್ತೀಯ ಮಾರಾಯ." ಪ್ರಶ್ನೆ ನ್ಯಾಯವಾದದ್ದೇ. ಅವನಂಥವರಿಗೆ, ನನ್ನಂಥವರಿಗೆ, ಇದು ನಿಜವಾಗಿಯೂ ಮನಸ್ಸು ಮಾಡೋ ವಿಷಯ. ದುಡ್ಡಿದೆ, ಫ್ರಿಜ್ಜಿದೆ, ಮಾಡಿಕೊಡೋರಿದ್ದಾರೆ, ಆದ್ರೂ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸ್ತೀವಿ ಅಂದ್ರೆ ಅದಕ್ಕೆ ಸಮಾಜವನ್ನ ದೂರೋಕಾಗಲ್ಲ. ಮೂವತ್ತೈದಕ್ಕೇ ಬಿಪಿ ಮಾತ್ರೆ ತಗೊಳ್ಳೋರು ನಮ್ಮ ಫ್ಲೋರಿನಲ್ಲೇ ನಾಲ್ಕು ಜನ ಇದ್ದಾರೆ. ತಿನ್ನಲಿ, ಖಂಡಿತ ತಿನ್ನಬೇಕು. ನಾವು ಮಲಗಿಬಿಟ್ಟರೆ ನೋಡಿಕೊಳ್ಳೋದು ಮತ್ತದೇ ಕೈಗಳು ತಾನೆ? ನಾನು ಬೇಡ ಅನ್ನೋದು ಅದಕ್ಕೆ ಕಟ್ಟೋ ಹಾರವನ್ನ. ಮನೆ ಮುಂದೆ ಬಾವಿ ಇರೋನು, ಸೇದಿ ಕೊಡೋ ಜನ ಇರೋನು, ದಿನಾ ನೀರು ಕುಡಿದರೆ ಅದಕ್ಕೆ ತಪಸ್ಸು ಅಂತ ಯಾರಾದ್ರೂ ಕರೀತಾರಾ?

ಹಾಗಂತ ಕೈ ಕಟ್ಟಿ ಕೂತಿಲ್ಲ. ನಮ್ಮ ಮನೆಯಲ್ಲಿ ಈಗ ರಾತ್ರಿ ಟೀವಿ ಮುಂದೆ ನಾನೋ ನನ್ನ ಹೆಂಡತಿಯೋ ಸೊಪ್ಪು ಬಿಡಿಸಿ ಇಡ್ತೀವಿ. ಅಕ್ಕ ಬೆಳಿಗ್ಗೆ ಬಂದು ತೊಳೆದು ಹೆಚ್ಚೋದಷ್ಟೆ. ಸೊಪ್ಪಿನ ದಿನಕ್ಕೆ ಬೇರೆ ಲೆಕ್ಕ ಹಾಕಿ ಸಂಬಳ ಸ್ವಲ್ಪ ಏರಿಸಿದ್ವಿ. ಇದರಿಂದ ಅವರ ಮನೆಯ ರಾತ್ರಿಯೂಟ ಬದಲಾಗಿದೆಯಾ ಅಂದ್ರೆ, ಇಲ್ಲ. ಅವರು ಈಗಲೂ ಮನೆ ಸೇರೋದು ಎಂಟೂವರೆಗೇ.

ಊರಿನ ವಿಷಯ ಇನ್ನೂ ಕಷ್ಟ. ಹೋದ ವರ್ಷ ಅತ್ತಿಗೆಗೆ ಸುಸ್ತು, ತಲೆಸುತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6. ಪಕ್ಕದಲ್ಲೇ ಅಣ್ಣನದೂ ಮಾಡಿಸಿದ್ವಿ, 14 ಇತ್ತು. ಒಂದೇ ಮನೆ, ಒಂದೇ ಪಾತ್ರೆ. ಇಬ್ಬರ ದೇಹದ ಅಗತ್ಯ ಬೇರೆ ಅನ್ನೋದು ನಿಜ, ತಿಂಗಳ ಮುಟ್ಟು, ಎರಡು ಹೆರಿಗೆ, ಅದೆಲ್ಲ ಇದೆ. ದೇಶದ ಲೆಕ್ಕವೂ ಹೀಗೇ ಇದೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ಶೇ 25. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಸೊಪ್ಪು ತರಕಾರಿ ಚೆನ್ನಾಗಿ ತಿನ್ನಮ್ಮ, ಮೇಲೆ ನಿಂಬೆಹಣ್ಣು ಹಿಂಡ್ಕೋ" ಅಂದರು. ಸರಿಯಾದ ಸಲಹೆ. ಸೊಪ್ಪಿನಲ್ಲಿರೋ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತಲ್ಲ, ನಿಂಬೆಯ ಸಿ ಜೀವಸತ್ವ ಅದಕ್ಕೆ ನೆರವಾಗುತ್ತೆ.

ಆದ್ರೆ ಯಾರು ಬೆಳೆದದ್ದು, ಯಾರು ಬಿಡಿಸಿದ್ದು, ಯಾರು ಬೇಯಿಸಿದ್ದು ಅಂತ ನೋಡಿದ್ರೆ ಮೂರಕ್ಕೂ ಉತ್ತರ ಅತ್ತಿಗೆಯೇ. ಬಡಿಸೋದೂ ಅವರೇ. ಅಪ್ಪ, ಅಣ್ಣ, ಮಕ್ಕಳು, ಬಂದ ನೆಂಟರು, ಆಮೇಲೆ ಅಮ್ಮ. ಕೊನೆಗೆ ಅತ್ತಿಗೆ ಕೂರೋ ಹೊತ್ತಿಗೆ ಮುದ್ದೆ ಇರುತ್ತೆ, ಸಾರು ಇರುತ್ತೆ, ಪಲ್ಯದ ಪಾತ್ರೆಯಲ್ಲಿ ಸಾಸಿವೆ ಇರುತ್ತೆ. ಯಾರೂ ಕೆಟ್ಟವರಲ್ಲ. "ಇನ್ನೊಂದು ಸ್ವಲ್ಪ ಹಾಕು" ಅನ್ನೋ ಬಾಯಿಗೆ ಪಾತ್ರೆಯ ತಳ ಕಾಣ್ಸಲ್ಲ. ಈ ಮಾತು ಎತ್ತಿದಾಗ ಅಮ್ಮ, "ನಾವೆಲ್ಲ ಹಂಗೇ ಉಂಡಿದ್ದು ಕಣಪ್ಪ" ಅಂದರು. ಅದರಲ್ಲಿ ದೂರೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ನಾನು ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ ಅಂದೆ. ಎರಡು ದಿನ ನಡೀತು, ನಾನಿದ್ದ ಎರಡು ದಿನ.

ಸಂಕ್ರಾಂತಿಗೆ ಹೋದಾಗ ಅತ್ತಿಗೆ ಬೇರೆ ದಾರಿ ಹಿಡಿದಿದ್ರು. ಬಸ್ಸಾರಿಗೆ ಸೊಪ್ಪು ಬಸಿದ ಕೂಡಲೇ, ಒಗ್ಗರಣೆಗೂ ಮುಂಚೆ, ಒಂದು ಬಟ್ಟಲಿನಷ್ಟು ತೆಗೆದು ತಟ್ಟೆ ಮುಚ್ಚಿ ಗೂಡಿನಲ್ಲಿ ಇಟ್ಟರು. ಅಮ್ಮ ನೋಡಿ, "ಅದ್ಯಾರಿಗೆ?" ಅಂದರು.

"ನಂಗೆ ಅತ್ತೆ."

ಅಮ್ಮ ಈಳಿಗೆ ಎಳ್ಕೊಂಡು ಈರುಳ್ಳಿ ಹೆಚ್ಚೋಕೆ ಕೂತರು. ಅರ್ಧ ಈರುಳ್ಳಿ ಆದ್ಮೇಲೆ, "ಹಂಗಾದ್ರೆ ಇನ್ನೊಂದು ಬಟ್ಟಲು ತಗೋ, ನಂಗೂ ಒಂಚೂರು ಇಡು" ಅಂದರು.

ಮಾತ್ರೆ ನಡೀತಿದೆ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು, ಈ ಸಲ ಅಮ್ಮಂದೂ ಸೇರಿಸಿ.